ಫೌಂಡ್ರಿ ಬೀದಿಯ ತಾಯಿ, ಮಗ

ಓಕ್‌ಲ್ಯಾಂಡಿನ ಪೂರ್ವ ಭಾಗದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಉಬ್ಬಸವಿರುವ ಮಕ್ಕಳ ಉಸಿರಿನ ಬಲ ಎಷ್ಟಿದೆ ಎಂದು ಪರೀಕ್ಷಿಸುವುದು, ಇನ್‌ಹೇಲರನ್ನು ಹೇಗೆ ಹಿಡಿದು ಹೇಗೆ ಎಳೆದುಕೊಳ್ಳಬೇಕು ಎಂದು ಮನೆಯವರಿಗೆ ತೋರಿಸಿಕೊಡುವುದು. ಮಕ್ಕಳು ಒಂದು ಕೊಳವೆಯನ್ನು ಬಾಯಿಗಿಟ್ಟುಕೊಂಡು ಜೋರಾಗಿ ಊದಬೇಕು. ಊದಿದಷ್ಟೂ ಎದುರಿನ ಪರದೆಯ ಮೇಲೆ ಹುಟ್ಟುಹಬ್ಬದ ಮೇಣದಬತ್ತಿಗಳು ಒಂದೊಂದಾಗಿ ಆರುತ್ತವೆ. "ಊದು, ಊದು, ಇನ್ನೂ ಊದು, ನಿಲ್ಲಿಸಬೇಡ" ಎಂದು ದಿನವಿಡೀ ಹುರಿದುಂಬಿಸಿ ಸಂಜೆಯ ಹೊತ್ತಿಗೆ ನನ್ನ ಗಂಟಲೇ ಕಟ್ಟಿಹೋಗಿರುತ್ತದೆ.

ಮನೆ ಇರುವುದು ಅದೇ ಕೊಲ್ಲಿಯ ದಂಡೆಯಲ್ಲಿ, ದಕ್ಷಿಣಕ್ಕಿರುವ ನೆವಾರ್ಕ್‌ನಲ್ಲಿ. ದಿನವೂ ಬಂದರಿನ ಲಾರಿಗಳ ನಡುವೆ ಕಾರು ತೂರಿಸಿಕೊಂಡು ಬರಬೇಕು. ಓಕ್‌ಲ್ಯಾಂಡಿನ ಉದ್ದಕ್ಕೂ ಎರಡು ಫ್ರೀವೇಗಳು, ಅಂದರೆ ಹೆದ್ದಾರಿಗಳು, ಹಾದುಹೋಗುತ್ತವೆ. ಗುಡ್ಡದ ಕಡೆ, ಅನುಕೂಲಸ್ಥರ ಮನೆಗಳ ಬಳಿ ಹೋಗುವ ದಾರಿಯಲ್ಲಿ ಭಾರಿ ಲಾರಿಗಳಿಗೆ ಪ್ರವೇಶವಿಲ್ಲ. ಅವೆಲ್ಲ ಕೆಳಗಿನ ದಾರಿಯಲ್ಲೇ ಹೋಗಬೇಕು. ಕೆಳಗಿನ ದಾರಿಯ ಅಕ್ಕಪಕ್ಕದಲ್ಲಿ ಕಪ್ಪು ಜನರ, ಮೆಕ್ಸಿಕೋದವರ, ಕಾಂಬೋಡಿಯಾದಿಂದ ಬಂದವರ ಮನೆಗಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗಿದು ಗೊತ್ತಿರಲಿಲ್ಲ. ನಮ್ಮಲ್ಲಿಗೆ ಬರುವ ಮಕ್ಕಳ ವಿಳಾಸಗಳನ್ನು ಓದುತ್ತಾ ಓದುತ್ತಾ ತಾನಾಗಿ ತಿಳಿಯಿತು.

ನಾನು ಹೇಳಹೊರಟಿರುವುದು ಅಂಥದೊಂದು ಬೀದಿಯ ಅಜ್ಜಿಯ ಕತೆ. ನಗರದ ಬಸ್ಸು ಓಡಿಸಿ ನಿವೃತ್ತರಾಗಿದ್ದ ಕಪ್ಪು ಹೆಂಗಸು. ಎತ್ತರದ ಆಳು, ಹಿಂದಿನ ಸೀಟಿನವರೆಗೂ ಕೇಳಿಸಿ ಅಭ್ಯಾಸವಾದ ಗಂಟಲು. ಎಂಟು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬರುತ್ತಿದ್ದರು. ಮಗುವಿನ ತಾಯಿ ಬೇರೆ ಊರಿಗೆ ಹೋಗಿ ನೆಲೆಸಿದ್ದಳು. ಮಗುವನ್ನು ಸಾಕುತ್ತಿದ್ದವರು ಅಪ್ಪ ಮತ್ತು ಅವನ ತಾಯಿಯಾದ ಈ ಅಜ್ಜಿ.

ಒಂದು ದಿನ ಆ ಹುಡುಗಿ ಊದಿದಾಗ ಅರ್ಧ ಮೇಣದಬತ್ತಿಗಳು ಆರದೆ ಉಳಿದವು. "ನಂಗೆ ಕೇಕ್ ಸೇರಲ್ಲ, ಅದಕ್ಕೇ ಆರಿಸ್ಲಿಲ್ಲ" ಎಂದಳು. ಅಜ್ಜಿ ನಗಲಿಲ್ಲ.

"ಹೋದ ಸಲಕ್ಕಿಂತ ಕಮ್ಮಿ ಅಲ್ವಾ?" ಎಂದು ನನ್ನನ್ನು ಕೇಳಿದರು.

"ಸ್ವಲ್ಪ ಕಮ್ಮಿ."

ನಾನು ವಾಡಿಕೆಯ ಪ್ರಶ್ನೆಗಳನ್ನು ಶುರುಮಾಡಿದೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ, ಸಾಕುಪ್ರಾಣಿ ಇದೆಯಾ, ಗೋಡೆಗೆ ಬೂಷ್ಟು ಹಿಡಿದಿದೆಯಾ. ಆಕೆ ಕೈ ಎತ್ತಿ ತಡೆದರು.

"ನೋಡಮ್ಮಾ, ಔಷಧಿ ಒಂದು ದಿನಾನೂ ತಪ್ಪಿಸಿಲ್ಲ. ಕಾರ್ಪೆಟ್ ಕಿತ್ತೆ. ದಿಂಬು ಹಾಸಿಗೆ ಎಲ್ಲಾ ಬದಲಾಯಿಸ್ದೆ. ಬೆಕ್ಕನ್ನ ನಮ್ಮಕ್ಕನ ಮನೆಗೆ ಕಳಿಸ್ದೆ, ಮಗು ಒಂದು ವಾರ ಅತ್ತಳು. ಇನ್ನು ಮನೆಯೊಳಗೆ ಕಿತ್ತುಹಾಕೋಕೆ ಏನೂ ಉಳಿದಿಲ್ಲ. ಹೊರಗಿರೋದನ್ನ ಏನು ಮಾಡ್ಲಿ, ಅದು ಹೇಳು."

ನಾನು ಪ್ರಶ್ನೆಗಳ ಹಾಳೆಯನ್ನು ಮಡಚಿಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು, "ಶನಿವಾರ ಬಿಡುವಿದ್ರೆ ನಮ್ಮ ಬೀದಿಗೆ ಬಾ. ಕಣ್ಣಿಗಿಂತ ಮೂಗಿಗೆ ಹೆಚ್ಚು ಗೊತ್ತಾಗುತ್ತೆ" ಎಂದರು.

ಆಗ ನನ್ನ ಅಮ್ಮ ಊರಿನಿಂದ ಬಂದು ನಮ್ಮ ಜೊತೆಗಿದ್ದಳು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಕೂತು ಬೇಸತ್ತಿದ್ದಳು. ದೇವಸ್ಥಾನಕ್ಕೆ ಹೋಗೋಣವೆಂದರೆ ಸನ್ನಿವೇಲ್‌ವರೆಗೆ ಕಾರಿನಲ್ಲಿ ಕೂತರೆ ತಲೆ ಸುತ್ತುತ್ತದೆ ಎನ್ನುವವಳು, ಆ ಶನಿವಾರ ನಾನು ಹೊರಟಿದ್ದು ನೋಡಿ, "ಎಲ್ಲಿಗಾದ್ರೂ ಆಗ್ಲಿ, ನಾನೂ ಬತ್ತೀನಿ" ಎಂದು ಸೀರೆ ಉಟ್ಟು ಸಿದ್ಧಳಾದಳು.

ಪುಟ್ಟ ಪುಟ್ಟ ಮನೆಗಳ ಬೀದಿ. ಕಿಟಕಿಗಳಿಗೆ ಕಬ್ಬಿಣದ ಸರಳು, ಅಂಗಳಕ್ಕೆ ತಂತಿಯ ಬೇಲಿ, ಒಂದು ಮೂಲೆಯಲ್ಲಿ ಟಾಕೋ ತಿಂಡಿ ಮಾರುವ ವ್ಯಾನು. ಬೀದಿಯ ಕೊನೆಯಲ್ಲಿ ಫೌಂಡ್ರಿ. ಹಳೆಯ ಕಬ್ಬಿಣವನ್ನು ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ಪೈಪಿನ ತುಂಡುಗಳನ್ನೂ ಚರಂಡಿಯ ಮುಚ್ಚಳಗಳನ್ನೂ ಎರಕಹೊಯ್ಯುವ ಜಾಗ. ಉದ್ದನೆಯ ತಗಡಿನ ಶೆಡ್ಡು, ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ತೆರೆದ ಗಂಡಿ. ಅಲ್ಲಿಂದ ಕಂದು ಬಣ್ಣದ ಹೊಗೆ ಆತುರವಿಲ್ಲದೆ ಮೇಲೆದ್ದು, ಆಮೇಲೆ ಕೆಳಗಿಳಿದು ಬೀದಿಯ ಮೇಲೆ ಹಬ್ಬುತ್ತಿತ್ತು. ಒಲೆಯ ಮೇಲೆ ಮರೆತ ಬಾಣಲೆಯ ಪ್ಲಾಸ್ಟಿಕ್ ಹಿಡಿ ಸುಟ್ಟಂಥ ವಾಸನೆ. ಅದರೊಳಗೊಂದು ಸಿಹಿ. ಆ ಸಿಹಿಯೇ ಹೆಚ್ಚು ಹೆದರಿಸುವಂಥದ್ದು.

ಕಾರಿನಿಂದ ಇಳಿದ ಅಮ್ಮ ಯಾರೂ ಹೇಳದೆ ಸೆರಗನ್ನು ಮೂಗಿಗೆ ಹಿಡಿದಳು. ಅಜ್ಜಿಯ ಮನೆಯ ಮೆಟ್ಟಿಲೇರಿ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ, ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು.

"ಒರೆಸಿ ಎಷ್ಟೊತ್ತಾಯ್ತು ಅಂತ ಕೇಳು" ಎಂದಳು ನನಗೆ.

ಕೇಳಿದೆ. "ಇವತ್ತು ಬೆಳಿಗ್ಗೆ" ಎಂದರು ಅಜ್ಜಿ. ಅಮ್ಮ ತಲೆಯಾಡಿಸಿದಳು. ಆ ಹೊತ್ತಿನಿಂದ ಅವರಿಬ್ಬರಿಗೂ ನನ್ನ ಅನುವಾದ ಅಷ್ಟಾಗಿ ಬೇಕಾಗಲಿಲ್ಲ.

ನಮ್ಮದು ಗಣಿಯ ಊರು. ಅದಿರು ಅರೆದು ಮಿಕ್ಕ ಪುಡಿಯನ್ನು ಊರ ಪಕ್ಕದಲ್ಲೇ ಗುಡ್ಡಗಳಂತೆ ಸುರಿದಿದ್ದರು. ಆಷಾಢದ ಗಾಳಿ ಎದ್ದಾಗ ಆ ಪುಡಿ ಹಾರಿ ಬಂದು ಅನ್ನದ ತಟ್ಟೆಯ ಮೇಲೂ ಕೂರುತ್ತಿತ್ತು. ಅಮ್ಮ ಹಳೆಯ ಸೀರೆಗಳನ್ನು ನೆನೆಸಿ ಕಿಟಕಿ ಬಾಗಿಲುಗಳಿಗೆ ಕಟ್ಟುತ್ತಿದ್ದಳು. ಅಪ್ಪ ಕಲ್ಲು ಅರೆಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಾನು ಪಿಯುಸಿಯಲ್ಲಿದ್ದಾಗ ಎದೆಯ ರೋಗದಿಂದ ತೀರಿಕೊಂಡ. ಅಮ್ಮ ಹೊಲಿಗೆ ಮಷೀನು ತುಳಿದು ನನ್ನನ್ನು ಓದಿಸಿದಳು. ಆ ದಿನಗಳ ಬಗ್ಗೆ ಅವಳು ಹೆಚ್ಚು ಮಾತಾಡಿದವಳಲ್ಲ. ನಾನೂ ಕೆದಕಿ ಕೇಳಿರಲಿಲ್ಲ.

ಅಜ್ಜಿಯ ಹಿತ್ತಲಲ್ಲಿ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಅಗಲ ಎಲೆಯ ಸೊಪ್ಪು ಬೆಳೆದಿತ್ತು. ನೆಲದಲ್ಲಿ ಯಾಕೆ ಹಾಕಿಲ್ಲ ಎಂದಾಗ, ಈ ಬೀದಿಯ ಮಣ್ಣಲ್ಲಿ ಬೆಳೆದದ್ದನ್ನು ಮಗುವಿಗೆ ಕೊಡುವ ಧೈರ್ಯ ತಮಗಿಲ್ಲ, ತೊಟ್ಟಿಗೆ ಅಂಗಡಿಯ ಮಣ್ಣು ತಂದು ಹಾಕಿರುವುದಾಗಿ ಹೇಳಿದರು. ಅಮ್ಮ ಎಲೆಯನ್ನು ಮುರಿದು ಮೂಸಿ ನೋಡಿ, "ಇದ್ರಲ್ಲಿ ಬಸ್ಸಾರು ಚೆನ್ನಾಗಾಯ್ತದೆ" ಎಂದಳು. ಇಬ್ಬರೂ ಅಡುಗೆಮನೆ ಸೇರಿದರು. ಸೊಪ್ಪು ಬೇಯಿಸಿ ಕಟ್ಟು ಬಸಿಯುವುದನ್ನು ನೋಡಿ ಅಜ್ಜಿ, ತಮ್ಮ ತಾಯಿಯೂ ಈ ನೀರನ್ನು ಚೆಲ್ಲುತ್ತಿರಲಿಲ್ಲ, ರೊಟ್ಟಿ ಅದ್ದಿಕೊಂಡು ತಿನ್ನಲು ಕೊಡುತ್ತಿದ್ದಳು ಎಂದರು.

ಅಷ್ಟರಲ್ಲಿ ಹಿತ್ತಲ ಗೇಟು ತೆರೆದ ಸದ್ದಾಯಿತು. ಮೂವತ್ತರ ಆಸುಪಾಸಿನ ಗಂಡಸೊಬ್ಬ ಒಳಗೆ ಬಂದ. ಒಗೆಯುವ ಮಷೀನಿದ್ದ ಶೆಡ್ಡಿಗೆ ನೇರವಾಗಿ ಹೋಗಿ ಬೂಟು ಬಿಚ್ಚಿ, ಅಂಗಿ ಬಿಚ್ಚಿ ಬೇರೆಯದೇ ಬುಟ್ಟಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬೇರೆ ಅಂಗಿ ತೊಟ್ಟ ಮೇಲೆಯೇ ಅವನು ಮಗುವನ್ನು ಎತ್ತಿಕೊಂಡದ್ದು. ಅಂಗಿಯ ಜೇಬಿನ ಮೇಲೆ ಫೌಂಡ್ರಿಯ ಗುರುತಿತ್ತು. ಆಗ ನನಗೆ ಅರ್ಥವಾಯಿತು. ಅಜ್ಜಿಯ ಮಗ ಕೆಲಸ ಮಾಡುತ್ತಿದ್ದದ್ದು ಅಲ್ಲೇ.

ನನ್ನನ್ನು ನೋಡಿ, "ನೀವು ಕ್ಲಿನಿಕ್ಕಿನವರಲ್ವಾ? ಅಮ್ಮ ನಿಮ್ಮನ್ನೂ ಇದರಲ್ಲಿ ಎಳೆದುಬಿಟ್ರಾ?" ಎಂದ. ಮಾತಿನಲ್ಲಿ ಒರಟಿರಲಿಲ್ಲ, ದಣಿವಿತ್ತು.

ಫೌಂಡ್ರಿಯವರು ಎರಡನೆಯ ಕುಲುಮೆ ಹಾಕಲು ಹೊರಟಿದ್ದರು. ಅದಕ್ಕೆ ಗಾಳಿಯ ಉಸ್ತುವಾರಿ ನೋಡುವ ಮಂಡಳಿಯ ಒಪ್ಪಿಗೆ ಬೇಕಿತ್ತು. ಅದನ್ನು ತಡೆಯಬೇಕೆಂದು ಅಜ್ಜಿ ಬೀದಿಯ ಹೆಂಗಸರನ್ನು ಸೇರಿಸುತ್ತಿದ್ದರು. ತಾಯಿ ಮಗನ ನಡುವೆ ಇದು ಮುಗಿಯದ ಜಗಳ. ನಮ್ಮೆದುರೇ ಮತ್ತೆ ಎದ್ದಿತು.

"ಅಲ್ಲಿ ಕೆಲಸ ಮಾಡೋ ಎಷ್ಟೋ ಜನ ಈ ಬೀದಿಯವರೇ ಅಮ್ಮಾ. ಕಾಲೇಜು ಓದದವನಿಗೆ ಮನೆಯವರೆಲ್ಲರ ಆಸ್ಪತ್ರೆ ಖರ್ಚು ನೋಡ್ಕೊಳ್ಳೋ ಕೆಲಸ ಇನ್ನೆಲ್ಲಿದೆ? ಅವಳ ಇನ್‌ಹೇಲರಿಗೆ ವಿಮೆ ಬರ್ತಿರೋದು ಎಲ್ಲಿಂದ?"

"ಅವಳಿಗೆ ಇನ್‌ಹೇಲರ್ ಬೇಕಾಗಿರೋದು ಎಲ್ಲಿಂದ?" ಎಂದರು ಅಜ್ಜಿ. ಆಮೇಲೆ ದನಿ ತಗ್ಗಿಸಿ, "ಮುಚ್ಚಿ ಅಂತ ನಾನು ಯಾವತ್ತೂ ಹೇಳಿಲ್ಲ ಮಗಾ. ಮುಚ್ಚಳ ಹಾಕಿ ಅಂತಿದೀನಿ. ಮಾಡು ಮುಚ್ಚಲಿ, ಹೊಗೆ ಸೋಸಿ ಬಿಡಲಿ. ಅಲ್ಲೀವರೆಗೆ ಇನ್ನೊಂದು ಕುಲುಮೆ ಬೇಡ."

ಮಗ ತಟ್ಟೆ ತೆಗೆದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತ. ನನ್ನ ಅಮ್ಮ ಮಾಡಿದ ಬಸ್ಸಾರನ್ನು ಅನ್ನಕ್ಕೆ ಕಲಸಿ ತಿಂದು, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಹಾಕಿಸಿಕೊಂಡ. "ಪಾಪ, ಹಸಿದಿದ್ದ" ಎಂದಳು ಅಮ್ಮ ವಾಪಸು ಬರುವ ದಾರಿಯಲ್ಲಿ.

ಆಮೇಲಿನ ಹಲವು ಶನಿವಾರಗಳು ಆ ಬೀದಿಯಲ್ಲೇ ಕಳೆದವು. ಚರ್ಚಿನ ಹಿಂಭಾಗದ ಒಂದು ಕೋಣೆಯಲ್ಲಿ ಹೆಂಗಸರು ಸೇರುತ್ತಿದ್ದರು. ಒಬ್ಬರು ಹೇಳಿದ್ದು ಸ್ಪ್ಯಾನಿಷ್‌ಗೂ ಕಾಂಬೋಡಿಯಾದವರ ಖಮೇರ್‌ಗೂ ತಿರುಗಿ ಎಲ್ಲರಿಗೂ ಮುಟ್ಟುವ ಹೊತ್ತಿಗೆ ಕಾಫಿ ಆರಿರುತ್ತಿತ್ತು. ನಾನು ಉಬ್ಬಸದ ಬಗ್ಗೆ ಗೊತ್ತಿದ್ದಷ್ಟು ಹೇಳುತ್ತಿದ್ದೆ. ಅಮ್ಮ ಚಿತ್ರಾನ್ನ ಕಲಸಿ ತರುತ್ತಿದ್ದಳು. ಮಂಡಳಿಯ ಸಭೆ ಕೆಲಸದ ದಿನದ ಬೆಳಿಗ್ಗೆ, ಕೊಲ್ಲಿಯ ಆಚೆಯ ನಗರದಲ್ಲಿ ನಡೆಯುವುದಿತ್ತು. ಮಕ್ಕಳನ್ನು ಬಿಟ್ಟು, ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋಗುವವರು ಯಾರು? ನಮ್ಮ ಬೀದಿಯ ಮಾತು ನಮ್ಮ ಬೀದಿಯಲ್ಲೇ ಆಗಲಿ ಎಂದು ಹೆಂಗಸರು ಹಟ ಹಿಡಿದರು. ಅಜ್ಜಿ ಎಷ್ಟು ಸಲ ಫೋನು ಮಾಡಿದರೋ, ಕಡೆಗೆ ಅಲ್ಲಿನ ಗುಮಾಸ್ತೆ ಇವರ ಕೆಮ್ಮು ಕೇಳಿಯೇ ಗುರುತು ಹಿಡಿಯುತ್ತಿದ್ದಳಂತೆ. ಅಂತೂ ಸಭೆ ಶಾಲೆಯ ಊಟದ ಹಾಲ್‌ಗೆ, ಸಂಜೆಯ ಹೊತ್ತಿಗೆ ಬದಲಾಯಿತು.

ಇತ್ತ ಅಜ್ಜಿಯ ಮನೆ ಒಡೆಯುತ್ತಿತ್ತು. ಫೌಂಡ್ರಿಯ ಮೇಸ್ತ್ರಿ ಒಂದು ದಿನ ಮಗನ ಹೆಗಲ ಮೇಲೆ ಕೈಯಿಟ್ಟು, "ಆ ಮುದುಕಿ ನಿನ್ನ ತಾಯಿಯಲ್ವಾ?" ಎಂದನಂತೆ. ಅಷ್ಟೇ. ಬೈಯಲಿಲ್ಲ, ಹೆದರಿಸಲಿಲ್ಲ. ಆ ಸಂಜೆ ಇದನ್ನೆಲ್ಲ ನಿಲ್ಲಿಸುವಂತೆ ಮಗ ತಾಯಿಯನ್ನು ಬೇಡಿಕೊಂಡ. ಆಕೆ ಆಗಲ್ಲವೆಂದರು. ಅವನು ಬಟ್ಟೆ ಕಟ್ಟಿಕೊಂಡು ಜೊತೆಗೆಲಸದವನ ಮನೆಗೆ ಹೋದ. ಆದರೆ ಪ್ರತಿದಿನ ಬೆಳಿಗ್ಗೆ ಬಂದು ಮಗುವಿನ ಕೈ ಹಿಡಿದು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಗೇಟಿನಿಂದ ಒಳಗೆ ಕಾಲಿಡುತ್ತಿರಲಿಲ್ಲ.

ಸಭೆಯಲ್ಲಿ ನಾನೂ ಮಾತಾಡಬೇಕೆಂದು ಹೆಂಗಸರು ಕೇಳಿದ್ದರು. ಸಭೆ ಹತ್ತಿರ ಬಂದಾಗ ನನ್ನ ಗಂಡ ತಳಮಳಿಸತೊಡಗಿದ.

"ನಿನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇನ್ನೂ ಆಗಿಲ್ಲ ಕಣೇ. ಈಗ ಮೈಕ್ ಹಿಡಿದು ಕಂಪನಿ ವಿರುದ್ಧ ಮಾತಾಡೋದು ಬೇಕಾ? ಟೈಮು ಸರಿ ಇಲ್ಲ. ಸಹಾಯ ಮಾಡು, ಬೇಡ ಅನ್ನಲ್ಲ. ಹಿಂದೆ ಇದ್ಕೊಂಡು ಮಾಡು."

ಕ್ಲಿನಿಕ್ಕಿನ ಮ್ಯಾನೇಜರೂ, ಮಾತಾಡುವುದಾದರೆ ನಿನ್ನ ಸ್ವಂತ ಹೆಸರಲ್ಲಿ ಮಾತಾಡು, ನಮ್ಮ ಹೆಸರು ಬೇಡ ಎಂದಿದ್ದರು. ನಾನು ಏನೂ ತೀರ್ಮಾನಿಸಲಾಗದೆ ಕೂತಿದ್ದೆ. ಮೂಲೆಯಲ್ಲಿ ಅವರೆಕಾಳು ಹಿದುಕುತ್ತಿದ್ದ ಅಮ್ಮ ತಲೆಯೆತ್ತಿದಳು.

"ಅವಳು ಮಾತಾಡೋದು ಬ್ಯಾಡ ಅಂದ್ರೆ ನಾನ್ ಮಾತಾಡ್ತೀನಿ ಬುಡಪ್ಪಾ. ನಂಗೆ ಯಾರು ಏನ್ ಮಾಡ್ತಾರೆ? ವಾಪಸ್ ಹೋಗೋ ಟಿಕೀಟು ಕೈಯಾಗೇ ಐತೆ."

ನಾವಿಬ್ಬರೂ ನಕ್ಕೆವು. ಅವಳು ನಗಲಿಲ್ಲ.

ಸಭೆಯ ದಿನ ಹಾಲ್ ತುಂಬಿತ್ತು. ಮಕ್ಕಳಿಗೆಂದು ಮಾಡಿದ ತಗ್ಗು ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಮುಂದಿನ ಸಾಲುಗಳಲ್ಲಿ ಫೌಂಡ್ರಿಯ ಕೆಲಸಗಾರರು, ಎಲ್ಲರಿಗೂ ಕಂಪನಿ ಕೊಟ್ಟಿದ್ದ ಒಂದೇ ಬಣ್ಣದ ಹೊಸ ಟೀ ಷರ್ಟು. ಅವರ ನಡುವೆ ಅಜ್ಜಿಯ ಮಗ. ಅಜ್ಜಿ ಬಸ್ಸಿನ ಕಾಲದ ತಮ್ಮ ಹಳೆಯ ಜಾಕೆಟ್ ತೊಟ್ಟು ಹಿಂದೆ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು, ಅವಳ ಪಕ್ಕದಲ್ಲಿ ನನ್ನ ಅಮ್ಮ.

ಕಂಪನಿಯ ಪರವಾಗಿ ಬಂದವನು ಚಿತ್ರಗಳನ್ನು ತೋರಿಸುತ್ತಾ ಚೆನ್ನಾಗಿಯೇ ಮಾತಾಡಿದ. ಆಮೇಲೆ ಜನರ ಸರದಿ. ಒಬ್ಬೊಬ್ಬರಿಗೂ ಸ್ವಲ್ಪ ಸಮಯ. ಮೇಜಿನ ಮೇಲಿನ ದೀಪ ಕೆಂಪಾದರೆ ನಿಲ್ಲಿಸಬೇಕು. ಕೆಲಸಗಾರರಲ್ಲಿ ಮೊದಲು ಎದ್ದವನು ಅಜ್ಜಿಯ ಮಗನೇ.

"ಹಿಂದಿನ ಸಾಲಲ್ಲಿ ನಮ್ಮಮ್ಮ ಕೂತಿದ್ದಾರೆ" ಎಂದು ಶುರುಮಾಡಿದ. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. "ಅವರು ಹೇಳೋದು ಸುಳ್ಳಲ್ಲ. ನನ್ನ ಮಗಳಿಗೆ ಉಬ್ಬಸ ಇರೋದು ನಿಜ. ಆದ್ರೆ ಈ ಕೆಲಸ ಹೋದ್ರೆ ನಾನೇನು ಮಾಡ್ಲಿ, ಅದನ್ನೂ ಯಾರಾದ್ರೂ ಹೇಳಿ. ಆ ಪ್ರಶ್ನೆಗೆ ಉತ್ತರ ಇಲ್ಲದೇ ಇರೋವಾಗ ನನ್ನನ್ನ ಯಾವ ಕಡೆ ನಿಲ್ಲು ಅಂತೀರಿ?"

ದೀಪ ಕೆಂಪಾಗುವ ಮೊದಲೇ ಕೂತುಬಿಟ್ಟ.

ಅಜ್ಜಿ ಮಾತಾಡಿದರು. ಕಾಂಬೋಡಿಯಾದ ಒಬ್ಬ ತಾಯಿ, ಶಾಲೆಯ ಒಬ್ಬ ಟೀಚರು ಮಾತಾಡಿದರು. ಗಾಳಿ ಈ ಕಡೆ ಬೀಸಿದ ದಿನ ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುವುದಿಲ್ಲ ಎಂದು ಟೀಚರು ಹೇಳುವಾಗ ಮಂಡಳಿಯ ಒಬ್ಬ ಸದಸ್ಯೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಕಡೆಗೆ ಅಮ್ಮನನ್ನು ಕರೆದರು. ಯಾವ ಭಾಷೆ ಎಂದು ಕೇಳಿದರು. ಕನ್ನಡಕ್ಕೆ ದುಭಾಷಿ ಇರಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ನಿಂತೆ. ಬೇರೆಯವರ ಮಾತನ್ನು ತಿರುಗಿಸಿ ಹೇಳುವುದಷ್ಟೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಮ್ಮ ಮೈಕಿಗೆ ಕೈಮುಗಿದಳು.

"ನಾನು ಈ ಊರೋಳಲ್ಲ. ಮಗಳ ಮನೆಗೆ ಬಂದಿದೀನಿ. ನಮ್ಮೂರಲ್ಲಿ ಗಣಿ ಇತ್ತು. ನಮ್ಮ ಯಜಮಾನ್ರು ಅದರ ಮಿಲ್ಲಾಗೆ ಕೆಲಸ ಮಾಡ್ತಿದ್ರು. ನಾವು ತಿಂದಿದ್ದು ಅದರ ಅನ್ನಾನೇ, ಸುಳ್ಳು ಹೇಳಬಾರ್ದು. ಅದಕ್ಕೇ ನಾನು ಅವರಿಗೆ ಒಂದು ದಿನಾನೂ ಕೆಲಸದ ಬಗ್ಗೆ ಮಾತೆತ್ತಲಿಲ್ಲ."

ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವಳು ಕಾದು, ಮುಂದುವರಿಸಿದಳು.

"ಕೆಮ್ಮು ಬಂದಾಗ ಅವರು ಹಿತ್ತಲಿಗೆ ಹೋಗಿ ಬಚ್ಚಲಮನೆ ಬಾಗಿಲು ಹಾಕ್ಕೊತಿದ್ರು. ಮಗುವಿಗೆ ಕೇಳಬಾರ್ದು ಅಂತ. ನನಗೆ ಕೇಳ್ತಿತ್ತು. ಕೇಳದೇ ಇರೋಳ ಥರ ನಾನು ಒಲೆ ಮುಂದೆ ಕೂತಿರ್ತಿದ್ದೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಂಗೇ ಒಬ್ಬರ ಮುಖ ಒಬ್ಬರು ನೋಡ್ಕೊಂಡೇ ಇದ್ವಿ, ಅವರು ಹೋಗಿಬಿಟ್ರು."

ಇದು ನನಗೆ ಗೊತ್ತಿರಲಿಲ್ಲ. ಬಚ್ಚಲಮನೆಯ ಬಾಗಿಲು ಹಾಕಿರುತ್ತಿದ್ದದ್ದು ನೆನಪಿತ್ತು. ಅಪ್ಪ ಸ್ನಾನಕ್ಕೆ ಹೋಗಿದ್ದಾನೆ ಎಂದುಕೊಂಡು ಬೆಳೆದವಳು ನಾನು. ನನ್ನ ಬಾಯಲ್ಲಿ ಇಂಗ್ಲಿಷ್ ನಿಂತುಹೋಯಿತು. ದೀಪ ಕೆಂಪಾಯಿತು. ಅಧ್ಯಕ್ಷರು, "ಪರವಾಗಿಲ್ಲ, ನಿಧಾನವಾಗಿ ಹೇಳಿ" ಎಂದರು. ಹೇಗೋ ಹೇಳಿ ಮುಗಿಸಿದೆ.

ಅಮ್ಮ ಆಮೇಲೆ ಮಂಡಳಿಗೆ ಬೆನ್ನು ಮಾಡಿ ಟೀ ಷರ್ಟಿನ ಸಾಲುಗಳ ಕಡೆ ತಿರುಗಿದಳು.

"ನಿಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಈ ಹೆಂಗಸರು ಯಾರೂ ಬಂದಿಲ್ಲ ಕಣಪ್ಪಾ. ಬೀದಿಗೆ ಬರೋದು ಹೊಗೆ. ನೀವು ನಿಂತಿರೋದು ಬೆಂಕಿ ಮುಂದೆ. ಮೊದಲು ಹೋಗೋದು ನಿಮ್ಮ ಎದೆ. ಅದನ್ನ ಮುಚ್ಚಿಟ್ಕೋಬ್ಯಾಡಿ."

ಅಜ್ಜಿಯ ಮಗ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಚಪ್ಪಾಳೆ ತಟ್ಟಬಾರದೆಂಬ ನಿಯಮವಿತ್ತು. ಯಾರೂ ತಟ್ಟಲಿಲ್ಲ. ನಾವು ಬಂದು ಕೂತ ಮೇಲೆ ಅಜ್ಜಿ ಅಮ್ಮನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದಿಟ್ಟುಕೊಂಡು ಸಭೆ ಮುಗಿಯುವವರೆಗೆ ಬಿಡಲಿಲ್ಲ.

ಕೆಲವು ವಾರಗಳ ಮೇಲೆ ತೀರ್ಮಾನ ಬಂತು. ಎರಡನೆಯ ಕುಲುಮೆಗೆ ಒಪ್ಪಿಗೆಯಿಲ್ಲ. ಇರುವ ಶೆಡ್ಡಿನ ಮಾಡು ಮುಚ್ಚಿ, ಹೊಗೆ ಸೋಸುವ ಯಂತ್ರ ಕೂರಿಸಬೇಕು. ಆ ಭಾನುವಾರ ಬೀದಿಯಲ್ಲಿ ಮೀನು ಕರಿದರು, ಹಾಡು ಹಾಕಿದರು. ಅಷ್ಟರಲ್ಲಿ ಊರಿಗೆ ವಾಪಸಾಗಿದ್ದ ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ತೋರಿಸಿದೆ. "ಆ ಹುಡುಗ ಮನೆಗೆ ಬಂದ್ನಾ?" ಎಂದಷ್ಟೇ ಕೇಳಿದಳು. ಬಂದಿದ್ದ. ಮಗು ಅಪ್ಪನ ಹೆಗಲ ಮೇಲೆ ಕೂತಿತ್ತು.

ಆದರೆ ಮಾಡು ಮುಚ್ಚಲಿಲ್ಲ. ಇವತ್ತು ನಾಳೆ ಎಂದು ದಿನ ತಳ್ಳಿದ ಕಂಪನಿ, ಮುಂದಿನ ವರ್ಷ ಫೌಂಡ್ರಿಯನ್ನೇ ಮುಚ್ಚಿ ಬೆಟ್ಟದ ಸಾಲಿನ ಆಚೆ, ಕಣಿವೆಯ ಒಂದು ಸಣ್ಣ ಊರಿಗೆ ಹೋಗುವುದಾಗಿ ಹೇಳಿತು. ಅಲ್ಲಿ ಜಾಗ ಅಗ್ಗ, ಕೇಳುವವರು ಕಡಿಮೆ. ಕೆಲಸಗಾರರಲ್ಲಿ ಕೆಲವರಿಗೆ ಮಾತ್ರ ಜೊತೆಗೆ ಬರಲು ಕರೆ. ಉಳಿದವರಿಗೆ ಕೈಕುಲುಕಿ ಬೀಳ್ಕೊಡುಗೆ.

ಆ ದಿನಗಳು ಅಜ್ಜಿಗೆ ಬಹಳ ಕಷ್ಟದವು. ಮೂಲೆಯಲ್ಲಿ ನಿಂತಿರುತ್ತಿದ್ದ ಗಂಡಸರು ಅವರನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಒಂದು ಬೆಳಿಗ್ಗೆ ಅವರ ಕಾರಿನ ಹಿಂಗಾಜಿನ ಧೂಳಿನಲ್ಲಿ ಯಾರೋ ಬೆರಳಿನಿಂದ ಬರೆದಿದ್ದರು: ಈಗ ಖುಷಿಯಾ? ಅದನ್ನು ಅಳಿಸದೆ ಹಾಗೆಯೇ ಕ್ಲಿನಿಕ್ಕಿಗೆ ಬಂದಿದ್ದರು. ನಾನು ಒರೆಸಲು ಹೋದೆ.

"ಬಿಡು" ಎಂದರು. "ಯಾರು ಬರೆದದ್ದು ಅಂತ ನಂಗೊತ್ತು. ಅವನ ಮಕ್ಕಳನ್ನ ಚಿಕ್ಕಂದಿನಿಂದ ಬಸ್ಸಲ್ಲಿ ಕೂರಿಸ್ಕೊಂಡು ಹೋಗಿದೀನಿ. ಅವನ ಸಿಟ್ಟು ಸುಳ್ಳಲ್ಲ. ಅವರು ಮುಚ್ಚಳ ಹಾಕೋ ಬದಲು ಊರನ್ನೇ ಬಿಟ್ಟು ಹೋಗ್ತಾರೆ ಅಂತ ನಾನೆಲ್ಲಿ ಅಂದ್ಕೊಂಡಿದ್ದೆ?"

ಮಗನಿಗೆ ಕರೆ ಬಂದಿತ್ತು. ಅವನು ಹೋಗುವುದಾಗಿ ತೀರ್ಮಾನಿಸಿದ. ವಿಮೆ ಹೋದರೆ ಮಗುವಿನ ಔಷಧಿಗೆ ಏನು ಮಾಡಲಿ ಎಂಬುದೇ ಅವನ ಲೆಕ್ಕ. ಮಗುವನ್ನು ಜೊತೆಗೆ ಕರೆದೊಯ್ಯುವಂತಿರಲಿಲ್ಲ. ಆ ಹೊಗೆಯ ಹಿಂದೆ ಅವಳನ್ನು ಮತ್ತೆ ಕಳಿಸುವುದುಂಟೇ? ಹೊರಡುವ ದಿನ ಕಾರಿನ ಡಿಕ್ಕಿಗೆ ಚೀಲಗಳನ್ನಿಟ್ಟು, ಮಗಳ ಎದುರು ಮಂಡಿಯೂರಿ ಕೂತು, ವಾರ ವಾರ ಬರುತ್ತೇನೆ ಎಂದ. ಅವಳು ಅವನ ಮುಖ ನೋಡದೆ ಅವನ ಬೂಟಿನ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಳು. ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಮಗ ಕಾರು ತಿರುಗಿಸಿದ ಮೇಲೆ ಒಳಗೆ ಹೋಗಿ, ಏನೂ ಆಗದವರಂತೆ ಪಾತ್ರೆ ತೊಳೆಯಲು ನಿಂತರು. ತೊಳೆದದ್ದನ್ನೇ ಮತ್ತೆ ತೊಳೆದರು.

ಮಗುವಿಗೆ ಆಮೇಲೆ ಸುಧಾರಿಸಿತು. ಲಾರಿಗಳು ಇನ್ನೂ ಹಾಗೆಯೇ ಇವೆ, ಔಷಧಿಯೂ ತಪ್ಪಿಲ್ಲ. ಆದರೆ ಆ ಸುಟ್ಟ ವಾಸನೆ ಇಲ್ಲ, ಶಾಲೆಯಲ್ಲಿ ಆಟಕ್ಕೆ ಬಿಡುತ್ತಾರೆ. ನಾನು ಅಜ್ಜಿಗೆ ಒಳ್ಳೆಯ ಸುದ್ದಿ ಹೇಳಿದಾಗಲೆಲ್ಲ ಅವರು, "ಅವನಿಗೆ ಫೋನ್ ಮಾಡಿ ನೀನೇ ಹೇಳು, ನನ್ನ ಬಾಯಿಂದ ಬಂದ್ರೆ ಬೇರೆ ಥರ ಕೇಳ್ಸುತ್ತೆ" ಎನ್ನುತ್ತಿದ್ದರು. ಹೇಳುತ್ತಿದ್ದೆ. ಎಷ್ಟು ಮೇಣದಬತ್ತಿ ಆರಿದವು ಎಂದು ಕೇಳುತ್ತಿದ್ದ. ಆಮೇಲೆ, "ಥ್ಯಾಂಕ್ಸ್ ಮೇಡಂ."

ಈ ವರ್ಷದ ಶುರುವಿನಲ್ಲಿ ಒಂದು ಮಧ್ಯಾಹ್ನ ಅವನು ತಾಯಿಗೆ ಫೋನು ಮಾಡಿದ. ಹೊಸ ಜಾಗದ ಶೆಡ್ಡಿಗೂ ಮಾಡು ಮುಚ್ಚಿಲ್ಲ, ಬೇಲಿಯ ಆಚೆಗೇ ಹೊಲದ ಕೂಲಿಗಳ ಮನೆಗಳಿವೆ, ಅಲ್ಲಿನ ತಾಯಂದಿರು ಇದೇನು ವಾಸನೆ ಎಂದು ತನ್ನನ್ನು ಕೇಳುತ್ತಿದ್ದಾರೆ ಎಂದನಂತೆ. ಆಮೇಲೆ ತಡವರಿಸುತ್ತಾ, "ಅಮ್ಮಾ, ನೀವು ಮೊದಲು ಯಾರನ್ನ ಕರೆದ್ರಿ? ಹೇಗೆ ಶುರು ಮಾಡಿದ್ರಿ?" ಎಂದು ಕೇಳಿದನಂತೆ. ಇದನ್ನು ಅಜ್ಜಿ ನನಗೆ ಎರಡು ಸಲ ಹೇಳಿದರು.

ಅವನು ಸಭೆಗೆ ಗೊತ್ತುಮಾಡಿದ ಭಾನುವಾರ ನಾನೇ ಅಜ್ಜಿಯನ್ನೂ ಮಗುವನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ. ಗಾಳಿಯಂತ್ರಗಳು ತಿರುಗುವ ಬೋಳು ಗುಡ್ಡಗಳನ್ನು ದಾಟಿ ಇಳಿದರೆ ಬಾದಾಮಿಯ ತೋಟಗಳು. ಮಗು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿತ್ತು. ಆ ಊರಿನ ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಕುರ್ಚಿಗಳನ್ನು ಜೋಡಿಸುತ್ತಿದ್ದ. ನಮ್ಮನ್ನು ಕಂಡು ಕುರ್ಚಿ ಹಿಡಿದುಕೊಂಡೇ ನಿಂತ. ಮೊದಲಿಗಿಂತ ಇಳಿದುಹೋಗಿದ್ದ.

"ಎಷ್ಟು ಜನ ಬರ್ತಾರೋ ಗೊತ್ತಿಲ್ಲಮ್ಮಾ" ಎಂದ.

"ನಾನು ಶುರು ಮಾಡಿದಾಗ ನೀನೂ ಬಂದಿರಲಿಲ್ಲ" ಎಂದರು ಅಜ್ಜಿ.

ಅವನು ನಕ್ಕ. ಮಗಳನ್ನು ಎತ್ತಿಕೊಂಡ.

ಜನ ಬಂದರು, ತುಂಬಾ ಅಲ್ಲ. ಮೆಕ್ಸಿಕೋದ ಕೆಲವು ಹೆಂಗಸರು, ತಲೆಗೆ ದುಪಟ್ಟಾ ಹೊದ್ದ ಒಬ್ಬ ಪಂಜಾಬಿ ಅಜ್ಜಿ, ಫೌಂಡ್ರಿಯ ಕೆಲಸಗಾರರು ಇಬ್ಬರು ಬಾಗಿಲ ಹತ್ತಿರ ನಿಂತೇ ಇದ್ದರು. ಮಗ ಮಾತಾಡಿದ, ಒಬ್ಬ ಹೆಂಗಸು ಸ್ಪ್ಯಾನಿಷ್‌ಗೆ ತಿರುಗಿಸಿದಳು. ಕೆಲಸದ ಬಗ್ಗೆ ಹೇಳಿದ, ಮಗಳ ಬಗ್ಗೆ ಹೇಳಿದ, ಓಕ್‌ಲ್ಯಾಂಡಿನ ಸಭೆಯಲ್ಲಿ ತಾನು ಯಾವ ಸಾಲಿನಲ್ಲಿ ಕೂತಿದ್ದೆ ಎಂದೂ ಹೇಳಿದ. ಅಜ್ಜಿಯನ್ನು ಮಾತಾಡಲು ಕರೆದಾಗ ಆಕೆ ತಲೆಯಲ್ಲಾಡಿಸಿ, ಕೂತಲ್ಲೇ ಕೂತರು.

ಮಗುವನ್ನು ಆ ರಾತ್ರಿಗೆ ಅಪ್ಪನ ಬಳಿ ಬಿಟ್ಟು ನಾವಿಬ್ಬರೇ ಹೊರಟೆವು. ಅವನೇ ಮಾರನೆಯ ಬೆಳಿಗ್ಗೆ ರಜೆ ಹಾಕಿ ಕರೆದುಕೊಂಡು ಬರುವುದಾಗಿ ಹೇಳಿದ್ದ. ಅಲ್ಲಿ ಮುಂದೇನಾಗುತ್ತದೋ ನನಗೆ ಗೊತ್ತಿಲ್ಲ. ಅವನ ಕೆಲಸ ಉಳಿಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಕಾರು ಗುಡ್ಡ ಹತ್ತತೊಡಗಿತು.

"ತುಂಬಾ ಬೇಗ ಬೇಗ ಮಾತಾಡ್ತಾನೆ" ಎಂದರು ಅಜ್ಜಿ. "ತಿರುಗಿಸಿ ಹೇಳೋರಿಗೆ ಟೈಮ್ ಕೊಡಬೇಕು. ಕಲೀತಾನೆ."

ಹಾಗೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ನಾನು ರೇಡಿಯೋ ಹಾಕಲಿಲ್ಲ.